ಟವೆಲ್ಲಿನಡಿಯ ಮಾತ್ರೆ ವ್ಯಾಪಾರ

ಜ್ವರ ಬಂದರೆ ಥರ್ಮಾಮೀಟರಿಗೂ ನಿಜ ಹೇಳದ ಆಸಾಮಿಯನ್ನು ನೀವು ನೋಡಿದ್ದೀರಾ? ನಮ್ಮ ಸೋದರಮಾವನನ್ನು ನೋಡಬೇಕು!

ಮಾವ ದನದ ದಲ್ಲಾಳಿ. ಆಗೆಲ್ಲ ಸಂತೆಯಲ್ಲಿ ಕೈಗಳ ಮೇಲೆ ಟವೆಲ್ ಹೊದಿಸಿ, ಅದರಡಿ ಬೆರಳು ಒತ್ತಿಯೇ ಎತ್ತಿನ ಬೆಲೆ ಕುದುರಿಸುತ್ತಿದ್ದ. ನೋಡುವವರಿಗೆ ಟವೆಲ್ ಮಿಸುಕಾಡಿದ್ದಷ್ಟೇ ಲಾಭ! ಇವತ್ತು ನಾನು ಬಾಬುರಾಯನಕೊಪ್ಪಲಿನಲ್ಲಿ ಹಳೇ ಟ್ರಾಕ್ಟರು ಮಾರಿ ನಾಲ್ಕು ಜನರಂತೆ ಬದುಕಿದ್ದರೆ, ಅದು ಆ ಟವೆಲ್ಲಿನಡಿ ಕಲಿತ ವಿದ್ಯೆ.

ಹೋದ ವರ್ಷ ಆ ಕೈ ನಡುಗತೊಡಗಿತು. ಮಾವ ಟವೆಲ್ಲನ್ನು ಗೂಟಕ್ಕೆ ನೇತುಹಾಕಿ ಕೂತುಬಿಟ್ಟ.

"ನನ್ ಕತೆ ಮುಗೀತು ಕಣ್ಲಾ. ಬೆರಳೇ ಸುಳ್ ಏಳ್ತಾವೆ."

ನಾನು ಬಿಡುವವನೇ? ಊರೂರಿನ ಡಾಕ್ಟರುಗಳು ಕೊಟ್ಟಿದ್ದ ಅವನ ಮಾತ್ರೆಗಳನ್ನೆಲ್ಲ ಅದೇ ಟವೆಲ್ಲಿನಲ್ಲಿ ಗಂಟು ಕಟ್ಟಿ, ಮಾವನನ್ನೂ ಎಳೆದುಕೊಂಡು ಹೋಗಿ, ಗಂಜಾಂನ ಡಾಕ್ಟರಮ್ಮನ ಮೇಜಿನ ಮೇಲೆ ಸುರಿದೆ. ಆಕೆ ಒಂದೊಂದೇ ಕೇಳುತ್ತ ಹೋದಂತೆ ಬಯಲಾಯಿತು. ನಾಗಮಂಗಲದಲ್ಲಿ ಬಿಪಿ ಮಾತ್ರೆ. ಕೆ.ಆರ್. ಪೇಟೆಯಲ್ಲಿ ಬೇರೆ ಹೆಸರಿನ ಅದೇ ಮಾತ್ರೆ. ಎರಡೂ ನುಂಗಿ ತಲೆ ತಿರುಗಿತು. ಅದಕ್ಕೆ ಪಾಂಡವಪುರದ ಮಾತ್ರೆ; ಅದರಿಂದ ಕೈನಡುಕ. ನಡುಕಕ್ಕೆ ಶ್ರೀರಂಗಪಟ್ಟಣದ ಮಾತ್ರೆ, ಅದರಿಂದ ಮರೆವು! ಅಂದರೆ ಮಾವನಿಗಿದ್ದ ರೋಗ ಒಂದೇ, ಉಳಿದದ್ದೆಲ್ಲ ಮಾತ್ರೆಗಳ ಸಂಸಾರ!

"ಯಜಮಾನ್ರೇ, ಒಬ್ಬ ಡಾಕ್ಟ್ರು ಕೊಟ್ಟಿದ್ದನ್ನ ಇನ್ನೊಬ್ರಿಗೆ ಯಾಕೆ ಹೇಳ್ಲಿಲ್ಲ?"

"ಇಂಗಂದ್ಬುಟ್ರೆ ಎಂಗೆ ತಾಯಿ? ಒಬ್ರ ರೇಟ ಇನ್ನೊಬ್ರಿಗೆ ಏಳ್ಬುಟ್ರೆ ಅವ್ನು ದಲ್ಲಾಳಿನಾ?"

ಡಾಕ್ಟರಮ್ಮ ನಕ್ಕು, "ಕೊನೆಗೆ ಒಂದೇ ಮಾತ್ರೆ ಸಾಕು" ಎಂದರು. ನಾಲ್ಕೂರಿನ ಮಾತ್ರೆ ಒಂದಕ್ಕಿಳಿಯಿತಲ್ಲ ಎಂದು ಮಾವನಿಗೆ ಗಾಬರಿ. ಮೆಲ್ಲಗೆ ನನ್ನ ಕೈ ಮೇಲೆ ಟವೆಲ್ ಎಳೆದು ಬೆರಳು ಒತ್ತಿದ. "ಇಷ್ಟುಕ್ಕಾರ ಮುಗುಸ್ಲಾ!" ಆ ನಡುಕದಲ್ಲಿ ಎರಡೋ ಮೂರೋ ನನಗೆ ತಿಳಿದರೆ ತಾನೆ? ಜೀವನದಲ್ಲಿ ಮೊದಲ ಸಲ ನಾನು ಚೌಕಾಸಿ ಮಾಡದೆ ಡಾಕ್ಟರಮ್ಮ ಹೇಳಿದ ಒಂದಕ್ಕೇ ಒಪ್ಪಿಕೊಂಡೆ.

ಕೆಲವನ್ನು ಡಾಕ್ಟರಮ್ಮ ಅಂದೇ ನಿಲ್ಲಿಸಿದರು, ಕೆಲವನ್ನು ನಿಧಾನವಾಗಿ ಇಳಿಸಿದರು. ನೀವೂ ಮನೆಯ ಹಿರಿಯರ ಮಾತ್ರೆಗಳನ್ನೆಲ್ಲ ಒಂದೇ ಗಂಟು ಕಟ್ಟಿ ಡಾಕ್ಟರ ಮುಂದೆ ಬಿಚ್ಚಿ. ನೀವೇ ನಿಲ್ಲಿಸಲು ಹೋಗಬೇಡಿ ಮಾತ್ರ!

ಮೊನ್ನೆ ಮಾವ ನನ್ನ ಅಂಗಡಿಗೆ ಬಂದ. ಹೆಗಲಲ್ಲಿ ಟವೆಲ್! ಗಿರಾಕಿಗಳ ನಡುವೆಯೇ, "ಕೈ ಕೊಡ್ಲಾ" ಎಂದು ಟವೆಲ್ ಹೊದಿಸಿದ. ಒಂದಿಷ್ಟೂ ನಡುಕವಿಲ್ಲ. ಯಾವ ಬೆರಳು ಒತ್ತುತ್ತಾನೋ ಎಂದು ಕಾದೆ. ಯಾವುದನ್ನೂ ಒತ್ತಲಿಲ್ಲ. ಇಡೀ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತ.

"ಏನ್ ಮಾವ ಇದು, ಎಷ್ಟು ಅಂತ?"

"ಬಾಯ್ ಮುಚ್ಕೊಳ್ಲಾ. ಜನ ನೋಡ್ತಾವ್ರೆ."