ಗೋಡೆಗೆ ತಂದ ಬೆಲ್ಲ

ತಮ್ಮ ಕೈಯಿಂದಲೇ ಗೋಡೆ ಕಟ್ಟಿಕೊಳ್ಳುತ್ತೇವೆಂದು ಹೊರಟವರ ಮನೆಯಲ್ಲಿ ಗೋಡೆಯೊಂದನ್ನು ಬಿಟ್ಟು ಮಿಕ್ಕ ಎಲ್ಲವೂ ಆಗುತ್ತದೆ. ಯುದ್ಧದ ಕಾಲದಲ್ಲಿ ಹಲಸೂರಿನ ನಮ್ಮ ಮನೆಯಲ್ಲಿ ಆದದ್ದೂ ಅದೇ. ಮಳೆಗೆ ಬಚ್ಚಲುಮನೆಯ ಗೋಡೆ ಬಿದ್ದುಹೋಗಿತ್ತು. ಬಾಣಂತನಕ್ಕೆ ಕೃಷ್ಣರಾಜಪುರದ ತವರಿಗೆ ಹೋಗಿದ್ದ ಹೆಂಡತಿ ಹೇಳಿಕಳಿಸಿದ್ದಳು: "ಬೀದಿಯೋರೆಲ್ಲ ನೋಡೋ ಹಾಗೆ ನಾನು ಸ್ನಾನ ಮಾಡಲ್ಲ. ಗೋಡೆ ಆಗೋವರೆಗೂ ನಾನೂ ಬರಲ್ಲ, ಮಗೂನೂ ಕರ್ಕೊಂಡು ಬರಲ್ಲ."

ನನಗೋ ಮಗುವನ್ನು ಎತ್ತಿಕೊಳ್ಳುವ ಆಸೆ. ಗಾರೆಯವರೆಲ್ಲ ಮಿಲಿಟರಿ ಬ್ಯಾರಕ್ಕು ಕಟ್ಟಲು ಹೋಗಿದ್ದರು. ಸಿಮೆಂಟು ಕಣ್ಣಿಗೂ ಬೀಳುತ್ತಿರಲಿಲ್ಲ. ಎದುರುಮನೆಯ ನಿವೃತ್ತ ಹವಾಲ್ದಾರರು ಮೀಸೆ ತಿರುವುತ್ತ ಬಂದು, "ನಾನಿದ್ದೀನಲ್ಲ ಸ್ವಾಮಿ, ನಾವೇ ಕಟ್ಟೋಣ" ಎಂದರು.

೧. ನೈವೇದ್ಯ

ಹವಾಲ್ದಾರರ ಪ್ರಕಾರ ಗಾರೆ ಕಲಸುವಾಗ ಸುಣ್ಣ, ಮರಳಿನ ಜೊತೆ ಬೆಲ್ಲದ ನೀರು ಬೀಳಲೇಬೇಕು. ಹಳೆಯ ಕಟ್ಟಡಗಳೆಲ್ಲ ನಿಂತಿರುವುದೇ ಬೆಲ್ಲದ ಮೇಲೆ. ರಸೆಲ್ ಮಾರುಕಟ್ಟೆಯಲ್ಲಿ ಹುಡುಕಿ ಬೆಲ್ಲದಚ್ಚು ತಂದು ಮನೆಯಲ್ಲಿ ತಟ್ಟೆಯಲ್ಲಿಟ್ಟು ಆಫೀಸಿಗೆ ಹೋದೆ. ಸಂಜೆ ಬಂದರೆ ತಟ್ಟೆ ಖಾಲಿ.

"ಅಮ್ಮಾ, ಬೆಲ್ಲ ಎಲ್ಲಿ?"

"ದೇವರಿಗೆ ತೋರಿಸದೆ ಬೆಲ್ಲಾನ ಮಣ್ಣಿಗೆ ಹಾಕ್ತಾರೇನೋ? ನೈವೇದ್ಯ ಮಾಡ್ದೆ."

"ಸರಿ, ಆಮೇಲೆ?"

"ಆಮೇಲೆ ಪ್ರಸಾದ ಹಂಚದೆ ಇರೋಕಾಗುತ್ತಾ? ಬೀದಿಯೋರೆಲ್ಲ ಬಂದಿದ್ರು. ಗೋಡೆ ಗಟ್ಟಿಯಾಗಿ ನಿಲ್ಲಲಿ ಅಂತ ಬಾಯ್ತುಂಬ ಹರಸಿ ಹೋದ್ರು ಕಣೋ."

ಆ ದಿನ ನಮ್ಮ ಗೋಡೆಗೆ ಸಿಕ್ಕಿದ್ದು ಆಶೀರ್ವಾದ ಮಾತ್ರ.

೨. ಬಿಸಿನೀರು

ಮುಂದಿನ ಭಾನುವಾರ ಸುಣ್ಣ ಅರಳಿಸಲು ಕೂತೆವು. ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಗೆ ಹಾಕಿ ನೀರು ಸುರಿದರೆ ಅದು ತಾನಾಗಿಯೇ ಕೊತಕೊತ ಕುದಿಯುತ್ತದೆ. ಸೌದೆಗೆ ಬಹಳ ತಾಪತ್ರಯವಿದ್ದ ಕಾಲ. ಅಮ್ಮ ಒಂದು ಗಳಿಗೆ ನೋಡಿದವಳೇ ತಾಮ್ರದ ಬಿಂದಿಗೆಯನ್ನು ತಂದು ಗುಂಡಿಯ ನಡುವೆ ಇಟ್ಟಳು. ನೀರು ಚೆನ್ನಾಗಿಯೇ ಕಾಯಿತು. ಪಕ್ಕದ ಮನೆಯಾಕೆ ಅದನ್ನು ಕಂಡರು. ಸ್ವಲ್ಪ ಹೊತ್ತಿಗೆ ಬೀದಿಯ ಬಿಂದಿಗೆಗಳೆಲ್ಲ ನಮ್ಮ ಹಿತ್ತಲಿನಲ್ಲಿದ್ದವು.

"ಲೈನ್ ಮೇ ಆವೋ! ಒಬ್ಬರ ಹಿಂದೆ ಒಬ್ರು!" ಎಂದು ಹವಾಲ್ದಾರರು ಸಾಲು ಸರಿಪಡಿಸಿದರು.

ಗುಂಡಿ ತಣ್ಣಗಾದಾಗಲೆಲ್ಲ, "ಇನ್ನೊಂದು ಬುಟ್ಟಿ ಸುಣ್ಣ ಹಾಕ್ರೀ, ನಮ್ಮನೆಯೋರಿಗೆ ಎಣ್ಣೆ ಹಚ್ಚಿ ಕೂರಿಸಿದ್ದೀನಿ" ಎಂದು ಯಾರಾದರೂ ಒತ್ತಾಯಿಸುವರು. ಸಂಜೆಗೆ ಸುಣ್ಣದ ಬಹುಪಾಲು ನೀರುಮಜ್ಜಿಗೆಯಾಗಿತ್ತು. ಬಚ್ಚಲುಮನೆ ಇಲ್ಲದ ನಮ್ಮ ಮನೆಯಿಂದ ಇಡೀ ಬೀದಿಗೆ ಅಭ್ಯಂಜನವಾಯಿತು.

೩. ಹಾಲು

ಸುಣ್ಣ ಸಾಲದೆ ಹವಾಲ್ದಾರರು ಕ್ರಮ ಬದಲಾಯಿಸಿದರು. ಕೆಮ್ಮಣ್ಣು ಜಾಸ್ತಿ, ಸುಣ್ಣ ಹೆಸರಿಗೆ ಮಾತ್ರ, ಅದರ ಕೊರತೆ ತುಂಬಲು "ಬೆಲ್ಲ ಡಬಲ್!" ಈ ಸಲ ದೇವರಿಗೂ ಬೀದಿಗೂ ಆಗಿ ಗೋಡೆಗೂ ಉಳಿಯುವಷ್ಟು ಬೆಲ್ಲ ತಂದಿದ್ದೆ. ಅವರು ಲೆಫ್ಟ್ ರೈಟ್ ಎಂದ ಹಾಗೆ ನಾನು ಗಾರೆ ತುಳಿದೆ. ಗೋಡೆ ಆಳೆತ್ತರ ಎದ್ದಿತು. ಹಿಗ್ಗಿ ಹೆಂಡತಿಗೆ ಹೇಳಿಕಳಿಸಿದೆ.

ಆ ವಾರ ಹವಾಲ್ದಾರರಿಗೆ ಇನ್ನೊಂದು ಖುಷಿ. "ನಮ್ಮ ಹಸು ಮೂರು ಹೊತ್ತೂ ನಿಮ್ಮ ಹಿತ್ತಲ ಕಡೆಗೇ ಓಡುತ್ತೆ ಸ್ವಾಮಿ. ಹುಲ್ಲು ಮೂಸೋದೂ ಇಲ್ಲ, ಆದ್ರೂ ಹಾಲು ಜಾಸ್ತಿ ಕೊಡ್ತಿದೆ. ನಿಮ್ಮ ಹಿತ್ತಲ ಗಾಳಿ ಒಳ್ಳೇದು."

ನಾವೂ ಅದೇ ಹಾಲಿನಲ್ಲಿ ಕಾಫಿ ಕುಡಿದು, ಗಾಳಿಯನ್ನು ಹೊಗಳಿದೆವು.

೪. ಗೃಹಪ್ರವೇಶ

ಹೆಂಡತಿ ಜಟಕಾದಿಂದ ಇಳಿದು ಮಗುವನ್ನು ನನ್ನ ಕೈಗೆ ಕೊಟ್ಟಳು. ಬಚ್ಚಲುಮನೆಯ ಮುಂಭಾಗ ನೋಡಿ ತಲೆದೂಗಿ, ಸ್ನಾನಕ್ಕೆಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಮಗುವಿನ ಮುಖ ನೋಡುತ್ತ ನಿಂತೆ. ಬಹಳ ಸಂತೋಷವಾಯಿತು.

"ಅಯ್ಯೋ! ಯಾರೋ ನೋಡ್ತಾ ಇದ್ದಾರೆ!" ಎಂದು ಒಳಗಿನಿಂದ ಚೀರಿದಳು.

ಎಲ್ಲರೂ ಹಿತ್ತಲಿಗೆ ಓಡಿದೆವು. ನಾವು ಕಟ್ಟಿದ ಹಿಂಬದಿಯ ಗೋಡೆಯಲ್ಲಿ ಇಟ್ಟಿಗೆಗಳ ನಡುವಿನ ಗಾರೆಯೆಲ್ಲ ಸವೆದುಹೋಗಿತ್ತು. ಕೆಲವು ಇಟ್ಟಿಗೆ ಉದುರಿ ಬಿದ್ದ ಜಾಗದಲ್ಲಿ ಹವಾಲ್ದಾರರ ಹಸು ತಲೆ ತೂರಿಸಿ, ಒಳಗಡೆಯ ಗಾರೆಯನ್ನೂ ನೆಕ್ಕುತ್ತಿತ್ತು.

"ಹಾಲ್ಟ್! ಗೋಡೆ ಬೆಲ್ಲಕ್ಕೆ ಬಾಯಿ ಹಾಕ್ತೀಯಾ!" ಎಂದು ಹವಾಲ್ದಾರರು ಗದರಿದರು. ಹಸು ನೆಕ್ಕುವುದನ್ನು ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಅಮ್ಮ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದಳು. "ಯಾರೂ ಹೊಡೀಬೇಡಿ! ಗೃಹಪ್ರವೇಶಕ್ಕೆ ಹಸು ಹೊಗಿಸೋಕೆ ಜನ ಎಷ್ಟು ಒದ್ದಾಡ್ತಾರೆ, ಇದು ತಾನಾಗೇ ಬಂದಿದೆ."

ಹೆಂಡತಿ ಸೀರೆ ಸುತ್ತಿಕೊಂಡು ಹೊರಗೆ ಬಂದಳು. ಇನ್ನು ಇವಳು ತವರಿಗೆ ಹೊರಟಳೆಂದು ಹೆದರಿ ನಾನು ಮಗುವನ್ನು ಅವುಚಿಕೊಂಡೆ. ಅವಳು ಹಸುವನ್ನು, ಅತ್ತೆಯನ್ನು, ಹವಾಲ್ದಾರರನ್ನು, ಕೊನೆಗೆ ನನ್ನನ್ನು ನೋಡಿದಳು.

"ಗೋಡೆ ಆಗೋವರೆಗೂ ನಾನು ಇಲ್ಲಿಂದ ಹೋಗಲ್ಲ. ನಿಮ್ಮ ಕೈಗೆ ಬಿಟ್ರೆ ಈ ಮಗು ಮದುವೆಗೂ ಅದು ಮುಗಿಯಲ್ಲ" ಎಂದಳು. "ಮೊದಲು ಮಿಕ್ಕ ಬೆಲ್ಲ ಎಲ್ಲಿಟ್ಟಿದ್ದೀರಿ ತೋರಿಸ್ರೀ, ಬೀಗ ಹಾಕ್ಬೇಕು."