ಬೆಲ್ಟಿನ ಆರನೇ ರಂಧ್ರ

ನಾಲಾ ಕಾವಲು ದಳದ ಸಮವಸ್ತ್ರ ನಿಯಮಾವಳಿಯ ಪ್ರಕಾರ ಒಂದು ಬೆಲ್ಟಿಗೆ ಐದು ರಂಧ್ರಗಳಿರತಕ್ಕದ್ದು. ನಾಲ್ಕಿದ್ದರೆ ಅದು ಬೆಲ್ಟಲ್ಲ. ಆರಿದ್ದರೆ ಅದು ಸರ್ಕಾರದ್ದಲ್ಲ.

೧೯೯೬ನೇ ಇಸವಿಯ ದೀಪಾವಳಿ ಮುಗಿದ ವಾರ, ಹೆರಿಗೆ ರಜೆ ಮುಗಿಸಿ ಪಾಂಡವಪುರದ ಕಚೇರಿಗೆ ಹಾಜರಾದ ಕಾವಲುಗಾರ್ತಿ ಪುಟ್ಟಲಕ್ಷ್ಮಿಯ ಸೊಂಟಕ್ಕೆ ಅವಳ ಬೆಲ್ಟು ಐದನೇ ರಂಧ್ರದಲ್ಲೂ ಎಟುಕಲಿಲ್ಲ. ಕೊಂಡಿಗೂ ರಂಧ್ರಕ್ಕೂ ನಡುವೆ ಎರಡು ಬೆರಳಿನಷ್ಟು ಪುಟ್ಟಲಕ್ಷ್ಮಿ ಉಳಿದುಕೊಂಡಿದ್ದಳು.

ನಾಲೆಗೆ ಪೈಪು ಬಿಟ್ಟು ನೀರು ಕದಿಯುವವರನ್ನು ಹಿಡಿಯುವುದು ದಳದ ಕೆಲಸ. ಮೊದಲು ಅದರಲ್ಲಿ ಗಂಡಸರೇ ಇದ್ದರು. ನಾಲೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರಿಗೆ 'ಇಲ್ಲಿ ಒಗೆಯಬಾರದು' ಎಂದು ಹೇಳಲು ಹೋದ ಗಂಡಸರು ಒದ್ದೆ ಸೀರೆಯ ಏಟು ತಿಂದು ಬಂದದ್ದರಿಂದ ಬೆಳಗೊಳದ ಹತ್ತಿರದ ಪುಟ್ಟಲಕ್ಷ್ಮಿಯನ್ನು ನೇಮಿಸಿಕೊಳ್ಳಲಾಯಿತು. ಅವಳು ಹೇಳಿದರೆ ಹೆಂಗಸರು ಹೊಡೆಯುತ್ತಿರಲಿಲ್ಲ. ಕೂತು ಮಾತಾಡಿ, ಎಲೆ ಅಡಿಕೆ ಕೊಟ್ಟು, ಮತ್ತೆ ಒಗೆಯುತ್ತಿದ್ದರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಯುಗಾದಿಗೆ ಮುಂಚಿನ ವಾರ್ಷಿಕ ತನಿಖೆಯಲ್ಲಿ ಪೂರ್ಣ ಸಮವಸ್ತ್ರದಲ್ಲಿ ನಿಂತರೆ ಖಾಯಂ, ಇಲ್ಲವಾದರೆ ಮನೆ.

ದಳಾಧಿಕಾರಿ ವಿಜಯೇಂದ್ರರಾಯರು ಶ್ರೀರಂಗಪಟ್ಟಣದವರು, ಸೌಮ್ಯ ಸ್ವಭಾವದವರು. ಯಾರನ್ನೂ ನೋಯಿಸದೆ ನಿಯಮವನ್ನಷ್ಟೇ ಓದುತ್ತಿದ್ದರು.

"ನೋಡಮ್ಮ, ರಜೆಗೆ ಹೋಗುವಾಗ ಯಾವ ಸ್ಥಿತಿಯಲ್ಲಿ ಹೋದಿರೋ ಅದೇ ಸ್ಥಿತಿಯಲ್ಲಿ ಹಾಜರಾಗತಕ್ಕದ್ದು ಅಂತಿದೆ."

"ಓಗುವಾಗ ಒಂಬತ್ತು ತಿಂಗ್ಳು ಸಾರ್," ಎಂದಳು ಪುಟ್ಟಲಕ್ಷ್ಮಿ. "ಆಗ ಬೆಲ್ಟೇ ಆಕ್ತಿರ್ಲಿಲ್ಲ."

ರಾಯರು ನಿಯಮಾವಳಿಯ ಪುಟ ತಿರುವಿದರು. ಗರ್ಭವನ್ನು ನಿಯಮ ಕಾಣುವುದಿಲ್ಲವೆಂದೂ, ಅದಕ್ಕೆ ಮುಂಚಿನ ಸ್ಥಿತಿಯನ್ನೇ ಸ್ಥಿತಿಯೆಂದು ತಿಳಿಯತಕ್ಕದ್ದೆಂದೂ ತೀರ್ಮಾನಿಸಿದರು. ಆ ಸ್ಥಿತಿ ಮರಳುವವರೆಗೆ ಬೆಲ್ಟಿಲ್ಲ, ಬೆಲ್ಟಿಲ್ಲದ ಸಮವಸ್ತ್ರ ಸಮವಸ್ತ್ರವಲ್ಲ, ಸಮವಸ್ತ್ರವಿಲ್ಲದವರು ಕರ್ತವ್ಯದಲ್ಲಿಲ್ಲ. ಹಾಗಾಗಿ ಅವಳ ಹೆಸರಿನ ಮುಂದೆ 'ಹಾಜರಿದ್ದೂ ಗೈರು' ಎಂದು ಬರೆಯಲಾಯಿತು. ಸಂಬಳ ಕೊಡುವವರು ಕೊನೆಯ ಪದವನ್ನು ಮಾತ್ರ ಓದಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಮಗು ಅರ್ಪಿತ ಅಳುವ ಸಮಯಕ್ಕೆ ಸರಿಯಾಗಿ ಪುಟ್ಟಲಕ್ಷ್ಮಿಯ ಎದೆ ಕಟ್ಟಿಕೊಂಡು ಖಾಕಿ ಅಂಗಿ ಒದ್ದೆಯಾಗುತ್ತಿತ್ತು. ದಳದವರು ನಾಲೆಯ ನೀರಿನಿಂದ ಒದ್ದೆಯಾಗಲು ಅವಕಾಶವಿದೆ. ಇದು ಅನಧಿಕೃತ ತೇವವೆಂದು ದಾಖಲಾಯಿತು. ಅವಳು ಅಂಗಿಯ ಮೇಲೆ ಟವೆಲು ಹೊದ್ದು ಕೂತಳು. ಅಳು ಬಂತು. ಅದಕ್ಕೂ ನಿಯಮವಿರಬಹುದೆಂದು ತಡೆದುಕೊಂಡಳು.

ಮನೆಯಲ್ಲಿ ಅತ್ತೆ ಸೋಮಮ್ಮ ಬಾಣಂತಿ ಖಾರವನ್ನು ತುಪ್ಪದಲ್ಲಿ ಕಲಸುತ್ತಿದ್ದಳು.

"ತಿನ್ನವ್ವ. ಮೈ ತುಂಬ್ಕೊಂಡ್ರೆ ತಾನೆ ಮಗೀಗೆ ಆಲು?"

"ಮೈ ಇಳುಸ್ಬೇಕಂತೆ ಕಣತ್ತೆ. ಸಾಹೇಬ್ರ ಆರ್ಡರು."

"ಅವ್ರೇನ್ ಎತ್ತವ್ರಾ?" ಎಂದು ಸೋಮಮ್ಮ ಇನ್ನೊಂದು ಚಮಚ ತುಪ್ಪ ಹಾಕಿದಳು.

ಹಟ್ಟಿಯಲ್ಲಿ ಹಸು ಕರೆಯುತ್ತಿದ್ದ ಗಂಡ ತಿಮ್ಮರಾಜು ಅಲ್ಲಿಂದಲೇ ಕೂಗಿದ: "ಅಸೂನೂ ಕರು ಆಕುದ್ಮೇಲೆ ಮೊದಲ್ನಂಗೇ ಇರಕಿಲ್ಲ ಕಣಮ್ಮಿ. ಡೈರಿಯೋರು ಅದುನ್ನ ಕೇಳ್ತಾರಾ? ಆಲು ನೋಡ್ತಾರೆ ಅಷ್ಟೆ." ಪುಟ್ಟಲಕ್ಷ್ಮಿಗೆ ಸಮಾಧಾನವಾಗಲಿಲ್ಲ, ಆದರೆ ತುಪ್ಪ ತಿಂದಳು.

ಮಾರನೆಯ ದಿನದಿಂದ 'ಆಕಾರ ಮರುಸ್ಥಾಪನಾ ಓಟ' ಆರಂಭವಾಯಿತು. ಪುಟ್ಟಲಕ್ಷ್ಮಿ ನಾಲೆಯ ಏರಿಯ ಮೇಲೆ ಓಡುವುದು, ಹಿರಿಯ ಕಾವಲುಗಾರ ತಮ್ಮಯ್ಯ ಹಿಂದೆ ಲೂನಾದಲ್ಲಿ ಬಂದು ಮೇಲ್ವಿಚಾರಣೆ ಮಾಡುವುದು. ತಮ್ಮಯ್ಯನ ಹೊಟ್ಟೆ ದಳದಲ್ಲೇ ದೊಡ್ಡದು. ಅದರ ಬಗ್ಗೆ ಆಕ್ಷೇಪಣೆ ಇರಲಿಲ್ಲ, ಏಕೆಂದರೆ ಅವನು ಬೆಲ್ಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಿದ್ದ. ಹೊಟ್ಟೆ ಬೆಲ್ಟಿನ ವ್ಯಾಪ್ತಿಗೆ ಬರುತ್ತಿರಲಿಲ್ಲ. ಪುಟ್ಟಲಕ್ಷ್ಮಿಯೂ ಕೆಳಗೆ ಕಟ್ಟಬಹುದೇ ಎಂದು ಕೇಳಿದ್ದಕ್ಕೆ, ಮಹಿಳಾ ಸಿಬ್ಬಂದಿಯ ಬೆಲ್ಟು ಅಂಗಿಯ ಮೇಲೆ, ನಡುವಿಗೇ ಇರತಕ್ಕದ್ದೆಂದು ಉತ್ತರ ಬಂದಿತ್ತು.

"ಅಣ್ಣ, ಸುಸ್ತಾಯ್ತದೆ," ಎಂದು ಅವಳು ನಿಂತರೆ, "ನಂಗೂ ಸುಸ್ತಾಯ್ತದೆ ಕಣವ್ವ, ಕುಂತು ಕುಂತು ಬೆನ್ನು ಇಡ್ಕತದೆ. ಏನ್ ಮಾಡದು, ಡೂಟಿ," ಎನ್ನುತ್ತಿದ್ದ ತಮ್ಮಯ್ಯ.

ಇದರಿಂದ ಒಂದು ಅನಾಹುತವಾಯಿತು. ದಳದವರು ಓಡುವುದನ್ನು ಆ ಸೀಮೆಯ ರೈತರು ಹಿಂದೆಂದೂ ಕಂಡಿರಲಿಲ್ಲ. ಖಾಕಿ ಅಂಗಿಯ ಹೆಂಗಸೊಬ್ಬಳು ಏರಿಯ ಮೇಲೆ ಏದುಸಿರು ಬಿಡುತ್ತ ಓಡಿ ಬರುತ್ತಿದ್ದಾಳೆ, ಹಿಂದೆ ಗಾಡಿಯೂ ಬರುತ್ತಿದೆ ಎಂದರೆ ದೊಡ್ಡ ದಾಳಿಯೇ ಇರಬೇಕೆಂದು ಎಲ್ಲರೂ ಪೈಪು ಕಿತ್ತುಕೊಂಡು ಕಬ್ಬಿನ ಗದ್ದೆಯೊಳಗೆ ಸೇರಿದರು. ಓಟ ಮುಂದುವರಿದಂತೆ ನೀರಿನ ಕಳ್ಳತನ ನಿಂತೇಹೋಯಿತು. ನಾಲೆಯ ಕೊನೆಯ ಹಳ್ಳಿಗೆ ನೀರು ತಲುಪಿತು. ಅಲ್ಲಿಯವರು ಗಾಬರಿಯಾಗಿ ಕಟ್ಟೆ ಒಡೆದಿದೆಯೆಂದು ದೂರು ಕೊಟ್ಟರು.

ಶ್ರೀರಂಗಪಟ್ಟಣದ ಉಪವಿಭಾಗದಿಂದ ಕೂಡಲೇ ವಿವರಣೆ ಕೇಳಿ ಪತ್ರ ಬಂತು. ಕಳ್ಳತನದ ಪ್ರಕರಣಗಳು ಶೂನ್ಯಕ್ಕೆ ಇಳಿದಿರುವುದರಿಂದ ದಳದ ಅಗತ್ಯವೇನೆಂದು ಸರ್ಕಾರ ಕೇಳುವ ಸಂಭವವಿದೆ. ಇದಕ್ಕೆ ಕಾರಣರಾದವರು ಯಾರು?

ರಾಯರು ಪುಟ್ಟಲಕ್ಷ್ಮಿಯನ್ನು ಕರೆದು, ಬೈಯದೆ, ನೊಂದುಕೊಂಡು ಹೇಳಿದರು: "ನಿಮ್ಮಿಂದ ಇಷ್ಟು ಜನರ ಅನ್ನಕ್ಕೆ ಕಲ್ಲು ಬೀಳೋದರಲ್ಲಿತ್ತಮ್ಮ."

ಓಟ ರದ್ದಾಯಿತು. ವಾರದೊಳಗೆ ಪೈಪುಗಳು ಸ್ವಸ್ಥಾನಕ್ಕೆ ಮರಳಿದವು. ಪುಟ್ಟಲಕ್ಷ್ಮಿಯ ಎರಡು ಬೆರಳು ಮಾತ್ರ ಹಾಗೇ ಇತ್ತು.

ಪಾಂಡವಪುರದ ಬಸ್ ಸ್ಟಾಂಡಿನ ಬಳಿ ಚಪ್ಪಲಿ ಹೊಲೆಯುವ ಮರಿಸ್ವಾಮಿ ಒಂದು ಸಂಜೆ ಅವಳ ಕೈಯಲ್ಲಿದ್ದ ಬೆಲ್ಟು ನೋಡಿ, "ಕೊಡವ್ವ, ಒಂದ್ ತೂತ್ ಒಡ್ಕೊಡ್ತೀನಿ, ಬಸ್ ಬರೋದ್ರೊಳ್ಗೆ ಆಯ್ತದೆ," ಎಂದ. ಅವಳು ಕೈ ಚಾಚಿದ್ದಳು. ಅಷ್ಟರಲ್ಲಿ ಟೀ ಕುಡಿಯುತ್ತಿದ್ದ ತಮ್ಮಯ್ಯ ಲೋಟ ಹಿಡಿದೇ ಓಡಿ ಬಂದ.

"ಏಯ್, ಬ್ಯಾಡ ಕಣ್ಲಾ! ಸರ್ಕಾರಿ ಆಸ್ತಿ ಅದು. ತೂತ್ ಒಡುದ್ರೆ ಅಷ್ಟು ಚರ್ಮ ಕಳ್ತನ ಆದಂಗೆ. ಆಮೇಕೆ ಇಬ್ರೂ ಒಳೀಕೆ ಓಯ್ತೀರಿ."

ಹೀಗೆ ಆರನೇ ರಂಧ್ರದ ಪ್ರಸ್ತಾವನೆ ಅಧಿಕೃತವಾಗಿ ಹುಟ್ಟಿತು.

ರಂಧ್ರವೆಂದರೆ ದುರಸ್ತಿಯೋ ಹೊಸ ಕಾಮಗಾರಿಯೋ ಎಂಬ ಪ್ರಶ್ನೆ ಮೊದಲು ಬಂತು. ಗುಮಾಸ್ತ ಶಾಮಣ್ಣ ಬೆಳಿಗ್ಗೆ ದೇವಸ್ಥಾನದ ಪೂಜೆ ಮುಗಿಸಿ ಕಚೇರಿಗೆ ಬರುವವರು, ತರ್ಕ ಬಲ್ಲವರು. ಅವರು ಕನ್ನಡಕ ಒರೆಸಿಕೊಂಡು ಹೇಳಿದರು: "ಇಲ್ಲದ್ದನ್ನ ಮಾಡಿದರೆ ಕಾಮಗಾರಿ. ಇದ್ದದ್ದನ್ನ ತೆಗೆದರೆ ನೆಲಸಮ. ರಂಧ್ರ ಅಂದರೆ ಇದ್ದದ್ದನ್ನ ತೆಗೆದು ಇಲ್ಲದ್ದನ್ನ ಮಾಡೋದು. ಎರಡಕ್ಕೂ ಮಂಜೂರಾತಿ ಬೇಕಾಗತ್ತೆ."

ಎರಡಕ್ಕೂ ಅರ್ಜಿ ಹಾಕಲಾಯಿತು. ಅರ್ಜಿದಾರರೇ ಖುದ್ದು ಓಡಾಡತಕ್ಕದ್ದಾದ್ದರಿಂದ ಪುಟ್ಟಲಕ್ಷ್ಮಿ ದಿನಾ ಬೆಳಿಗ್ಗೆ ಮಗುವಿಗೆ ಹಾಲು ಕುಡಿಸಿ, ಅತ್ತೆಯ ಕೈಗೆ ಕೊಟ್ಟು, ಬಸ್ಸು ಹಿಡಿದಳು.

ಶ್ರೀರಂಗಪಟ್ಟಣದಲ್ಲಿ ನೆಲಸಮದವರು ಸಿಕ್ಕಿದ ದಿನ ಕಾಮಗಾರಿಯವರು ಸಿಗುತ್ತಿರಲಿಲ್ಲ. ಸೊಂಟದ ಅಳತೆಯನ್ನು ಅಧಿಕೃತ ಮೋಜಣಿದಾರರೇ ತೆಗೆಯಬೇಕೆಂದು ಕೆ.ಆರ್. ಪೇಟೆಗೆ ಕಳಿಸಿದರು. ಅಲ್ಲಿ ದಳಕ್ಕೆ ಗೊತ್ತುಪಡಿಸಿದ್ದ ಮೋಜಣಿದಾರ ಕೆಂಪಣ್ಣ ಹೊಲ ಗದ್ದೆ ಅಳೆಯುವವನು. ಹೆಂಗಸಿನ ಸೊಂಟಕ್ಕೆ ಕಬ್ಬಿಣದ ಸರಪಳಿ ಹಿಡಿಯಲು ನಾಚಿ, ಅವಳನ್ನು ಒಂದು ಕಡೆ ನಿಲ್ಲಿಸಿ, ದೂರದಿಂದ ಚಕ್ಕುಬಂದಿ ಬರೆದುಕೊಟ್ಟ: 'ಪೂರ್ವಕ್ಕೆ ಕಚೇರಿ ಗೋಡೆ, ಪಶ್ಚಿಮಕ್ಕೆ ಬೆಂಚು, ಉತ್ತರಕ್ಕೆ ದಾರಿ, ದಕ್ಷಿಣಕ್ಕೆ ಸದರಿ ಕೆಂಪಣ್ಣ, ಇದರ ಮಧ್ಯೆ ಇರುವ ಹೆಂಗಸು.'

"ಸೊಂಟದ ಸುತ್ತಳತೇನೇ ಇಲ್ವಲ್ಲ ಸಾರ್?" ಎಂದಳು.

"ಮಧ್ಯದಾಗೆ ಇದ್ದೇ ಇರ್ತದಲ್ಲ ತಾಯಿ, ಎಲ್ಗೋಯ್ತದೆ?"

ಅದೇ ಅಂಗೀಕಾರವಾಯಿತು.

ಇನ್ನುಳಿದದ್ದು ರಂಧ್ರ ಹೊಡೆಯುವ ಉಳಿ. ದಳದ ಉಗ್ರಾಣ ಇದ್ದದ್ದು ಬಿಂಡಿಗನವಿಲೆಯಲ್ಲಿ. ಆ ಕಡೆ ನಾಲೆಯ ನೀರೇ ಇಲ್ಲದಿರುವುದರಿಂದ ನಾಲಾ ದಳದ ಸಾಮಾನಿಗೆ ತೇವ ತಗಲುವ ಭಯವಿರಲಿಲ್ಲ. ಪುಟ್ಟಲಕ್ಷ್ಮಿ ನಾಗಮಂಗಲದಲ್ಲಿಳಿದು ಇನ್ನೊಂದು ಬಸ್ಸಿಗೆ ಕಾದು, ಅದು ಬರದಿದ್ದರೆ ಸಿಕ್ಕಷ್ಟು ದೂರ ನಡೆದು ಅಲ್ಲಿಗೆ ಮುಟ್ಟಿದರೆ, ಉಗ್ರಾಣದವನು ಕುರಿ ಮೇಯಿಸಲು ಹೋಗಿರುತ್ತಿದ್ದ. ಕುರಿಗಳು ವಾಪಸು ಬರುವ ಹೊತ್ತಿಗೆ ಅವಳ ಕೊನೆಯ ಬಸ್ಸು ಹೊರಡುತ್ತಿತ್ತು.

ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ಹಾಲು ಕಮ್ಮಿಯಾಯಿತು. ಅರ್ಪಿತ ಹಸುವಿನ ಹಾಲಿಗೆ ಒಗ್ಗಿಕೊಂಡಳು. ಒಂದು ರಾತ್ರಿ ಊಟದ ಹೊತ್ತಿಗೆ ಮಗು ತನ್ನ ತೋಳಿಗೆ ಬರದೆ ಅಜ್ಜಿಯ ಕಡೆ ಕೈ ಚಾಚಿದಾಗ ಪುಟ್ಟಲಕ್ಷ್ಮಿ ಮುದ್ದೆ ಮುರಿದ ಕೈಯನ್ನು ತಟ್ಟೆಯಲ್ಲೇ ಬಿಟ್ಟಳು.

"ಈ ಕೆಲ್ಸಾನೇ ಬ್ಯಾಡ ಬುಡು ಕಣಮ್ಮಿ," ಎಂದ ತಿಮ್ಮರಾಜು.

"ಇಷ್ಟ್ ಓಡಾಡ್ಬುಟ್ಟು ಈಗ ಬುಡಾದಾ?" ಎಂದಳು. "ತೂತು ಆಗ್ಲೇಬೇಕು."

ಯುಗಾದಿಗೆ ಹತ್ತು ದಿನ ಇರುವಾಗ ಮಂಜೂರಾತಿ ಬಂತು. ಉಳಿಯೂ ಬಂತು, ಒಂದು ಕುರಿಯ ಹಗ್ಗ ಅದಕ್ಕೆ ಸುತ್ತಿಕೊಂಡೇ ಬಂತು. ಶಾಮಣ್ಣ ಮುಹೂರ್ತ ನೋಡಿದರು. ಕಚೇರಿಯ ಮುಂದೆ ಕುರ್ಚಿಯ ಮೇಲೆ ಬೆಲ್ಟು ಮಲಗಿಸಿ, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದರು. ರಾಯರು ಸ್ವಹಸ್ತದಿಂದ ಉಳಿಗೆ ಸುತ್ತಿಗೆ ಏಟು ಹಾಕಿದರು. ಹೊರಬಿದ್ದ ಚರ್ಮದ ಬಿಲ್ಲೆಯನ್ನು ಲಕೋಟೆಯಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿ ಉಗ್ರಾಣಕ್ಕೆ ಕಳಿಸಲಾಯಿತು. ತಮ್ಮಯ್ಯ ಎಲ್ಲರಿಗೂ ಮೈಸೂರು ಪಾಕು ಹಂಚಿದ.

"ಆಕ್ಕಳವ್ವ, ಆಕ್ಕ," ಎಂದರು ಎಲ್ಲರೂ.

ಪುಟ್ಟಲಕ್ಷ್ಮಿ ಬೆಲ್ಟು ಸುತ್ತಿಕೊಂಡು ಕೊಂಡಿಯನ್ನು ಆರನೇ ರಂಧ್ರಕ್ಕೆ ಹಾಕಿದಳು. ಬೆಲ್ಟು ಸೊಂಟದಿಂದ ಜಾರಿ ಮೊಣಕಾಲಿನವರೆಗೆ ಹೋಗಿ, ಅಲ್ಲಿಂದ ನೆಲಕ್ಕೆ ಬಿತ್ತು. ಎತ್ತಿಕೊಂಡು ಮತ್ತೆ ಕಟ್ಟಿದಳು. ಸರಿಯಾಗಿ ಕೂತದ್ದು ಎರಡನೇ ರಂಧ್ರಕ್ಕೆ, ರಜೆಗೆ ಮುಂಚೆ ಇದ್ದದ್ದಕ್ಕಿಂತಲೂ ಬಿಗಿಯಾಗಿ. ಬಸ್ಸು, ಬಿಸಿಲು, ಕಾಯುವಿಕೆ ಸೇರಿ ಅವಳನ್ನು ಕಡ್ಡಿ ಮಾಡಿದ್ದವು.

ಅವಳಿಗೆ ನಗು ಬಂತು. "ಸರಿಯೋಯ್ತಲ್ಲ ಸಾರ್! ಮೊದಲ್ನಂಗೇ ಆಗೋದೆ!"

ತಮ್ಮಯ್ಯ ಮೈಸೂರು ಪಾಕಿನ ಡಬ್ಬ ಮುಚ್ಚಿದ.

"ಇದು ಸರಿಹೋದದ್ದಲ್ಲಮ್ಮ," ಎಂದರು ರಾಯರು. "ಎರಡು ಮಂಜೂರಾತಿ ತಗೊಂಡು ಸರ್ಕಾರ ನಿಮಗೋಸ್ಕರ ಒಂದು ರಂಧ್ರ ನಿರ್ಮಾಣ ಮಾಡಿದೆ. ಅದು ಬಳಕೆಯಾಗದೆ ಖಾಲಿ ಬಿದ್ದಿದ್ದರೆ ತನಿಖೆಯವರಿಗೆ ಏನು ಹೇಳಲಿ?"

"ರಂಧ್ರ ಅಂದ್ರೇನೇ ಖಾಲಿ ಅಲ್ವಾ ಸಾರ್?"

"ಅದು ಬೇರೆ ಖಾಲಿ," ಎಂದರು ಶಾಮಣ್ಣ.

ಅವಳನ್ನು ಮತ್ತೆ ಊದಿಸಲು ಸಮಯವಿರಲಿಲ್ಲ. ತಮ್ಮಯ್ಯ ಮೂರು ದಿನ ಸತತವಾಗಿ ಅವಳಿಗೆ ಮಸಾಲೆ ದೋಸೆ ತಿನ್ನಿಸಿ ನೋಡಿದ. ಊದಿದ್ದು ತಮ್ಮಯ್ಯ, ಏಕೆಂದರೆ ಅವಳು ಬಿಟ್ಟದ್ದನ್ನು ಅವನೇ ತಿನ್ನುತ್ತಿದ್ದ. ಕೊನೆಗೆ ತುರ್ತು ಸಭೆ ಸೇರಿ, 'ಸಿಬ್ಬಂದಿಗೂ ಬೆಲ್ಟಿಗೂ ನಡುವಿನ ಅಂತರವನ್ನು ಇಲಾಖೆಯೇ ಭರ್ತಿ ಮಾಡತಕ್ಕದ್ದು' ಎಂದು ನಿರ್ಣಯಿಸಲಾಯಿತು. ಶ್ರೀರಂಗಪಟ್ಟಣದಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ರಾಯರ ಭಾವಮೈದುನ, ಬೇರೆ ಯಾರೂ ಹೊಟ್ಟೆ ತಯಾರಿಸುವವರು ಮುಂದೆ ಬಾರದ ಕಾರಣ, ಹತ್ತಿ ತುಂಬಿದ ಖಾಕಿ ಹೊಟ್ಟೆಯೊಂದನ್ನು ಹೊಲಿದುಕೊಟ್ಟ. ಅದರ ಮೇಲೆ 'ನಾ.ಕಾ.ದ.' ಎಂದು ಬಿಳಿ ಬಣ್ಣದಲ್ಲಿ ಬರೆಸಲಾಯಿತು. ಪುಟ್ಟಲಕ್ಷ್ಮಿ ರುಜು ಹಾಕಿ ಹೊಟ್ಟೆಯನ್ನು ವಹಿಸಿಕೊಂಡಳು.

ತನಿಖೆಯ ದಿನ ಅವಳು ಎಲ್ಲರಿಗಿಂತ ಮುಂದೆ ನಿಂತಳು. ತನಿಖಾಧಿಕಾರಿ ಆರೂ ರಂಧ್ರಗಳನ್ನು ಎಣಿಸಿ, ಆರನೆಯದರ ಮಂಜೂರಾತಿ ಓದಿ, ಕೊಂಡಿ ಅದರಲ್ಲೇ ಇರುವುದನ್ನು ಮುಟ್ಟಿ ನೋಡಿ, ಸಂತೋಷಪಟ್ಟರು.

"ಹೆರಿಗೆಯಾದ ಮೇಲೂ ಇಷ್ಟು ಶಿಸ್ತಾಗಿ ಆಕಾರ ಕಾಪಾಡಿಕೊಂಡವರನ್ನು ನಾನು ನೋಡಿಲ್ಲ," ಎಂದು ಬರೆದರು. ಪುಟ್ಟಲಕ್ಷ್ಮಿಯ ನೌಕರಿ ಅದೇ ದಿನ ಖಾಯಂ ಆಯಿತು. ಕೆಲಸದ ವೇಳೆಯಲ್ಲೂ ಹೋಗಿಬರುವಾಗಲೂ ಹೊಟ್ಟೆಯನ್ನು ಧರಿಸಿರತಕ್ಕದ್ದೆಂದೂ, ವರ್ಗಾವಣೆಯಾದರೆ ಮುಂದೆ ಬರುವವರಿಗೆ ಸುಸ್ಥಿತಿಯಲ್ಲಿ ಒಪ್ಪಿಸತಕ್ಕದ್ದೆಂದೂ ಆದೇಶವಾಯಿತು.

ಮನೆಯಲ್ಲಿ ತಿಮ್ಮರಾಜು ಅದನ್ನು ಹಿಸುಕಿ ನೋಡಿ, "ಒಳ್ಳೇ ಅತ್ತಿ ಆಕವ್ರೆ," ಎಂದ. ಸೋಮಮ್ಮ, ಸೊಸೆ ಕೊನೆಗೂ ನೋಡುವಂತಾದಳೆಂದು ದೃಷ್ಟಿ ತೆಗೆದಳು. ಅರ್ಪಿತ ಅದರ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋದಳು. ಮಗು ತನ್ನ ಮೈಮೇಲೆ ಮಲಗಿ ಎಷ್ಟೋ ದಿನವಾಗಿತ್ತು. ಪುಟ್ಟಲಕ್ಷ್ಮಿ ಅಲುಗಾಡದೆ ಕೂತಳು.

ಮಾರನೆಯ ಬೆಳಿಗ್ಗೆ ಪಾಂಡವಪುರದ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಮೊಸರಿನ ಗಡಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ದೊಡ್ಡತಾಯಮ್ಮನೆಂಬ ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ಎಷ್ಟ್ ತಿಂಗ್ಳವ್ವ?"

"ತಿಂಗ್ಳಲ್ಲ ಕಣಜ್ಜಿ. ಇದು ಇಲಾಖೇದು."

"ಸರ್ಕಾರದ್ದಾ?"

"ಊಂ."

"ಅಂಗಾದ್ರೆ ಇಳಿಯಾಕಿಲ್ಲ ಬುಡು," ಎಂದು ಮುದುಕಿ ಗಡಿಗೆ ಎತ್ತಿಕೊಂಡು ಪಕ್ಕಕ್ಕೆ ಸರಿದು, ಇಬ್ಬರು ಕೂರುವಷ್ಟು ಜಾಗ ಬಿಟ್ಟಳು.