ಟೈಲರ್ ಮಾಸ್ಟರ ಕಾಲಿನ ಹೊಲಿಗೆ

ತೊಂದರೆ ಶುರುವಾದದ್ದು ಬ್ಯಾಂಡೇಜಿನೊಳಗಿನ ಒಂದು ತುರಿಕೆಯಿಂದ.

ಟೈಲರ್ ಮಾಸ್ಟರಿಗೆ ಎಪ್ಪತ್ತೆಂಟು. ಮೊಣಕಾಲಿನ ಕೆಳಗಿದ್ದ ಚರ್ಮದ ಕ್ಯಾನ್ಸರ್ ಗಂಟನ್ನು ಡಾಕ್ಟರು ಕೊಯ್ದು ತೆಗೆದು ನಾಲ್ಕು ತಿಂಗಳಾಗಿತ್ತು. ಕ್ಯಾನ್ಸರೇನೋ ಪೂರ್ತಿ ಹೋಯಿತು. ಗಾಯ ಮಾತ್ರ ಮನೆ ಖಾಲಿ ಮಾಡದ ಬಾಡಿಗೆದಾರನ ಹಾಗೆ ಜಪ್ಪಯ್ಯ ಅಂದರೂ ಕದಲಲಿಲ್ಲ. "ವಯಸ್ಸಾದ ಚರ್ಮ ಈರುಳ್ಳಿ ಸಿಪ್ಪೆ ಇದ್ದ ಹಾಗೆ ಮಾಸ್ಟ್ರೇ, ನಿಧಾನ," ಎನ್ನುತ್ತಿದ್ದರು ಆಸ್ಪತ್ರೆಯ ಸಿಸ್ಟರ್. ವಾರಕ್ಕೊಮ್ಮೆ ಮನೆಗೆ ಬಂದು, ಗಾಯ ತೊಳೆದು, ಅಳೆದು, ಪಾದದಿಂದ ಮೊಣಕಾಲಿನವರೆಗೆ ಬಿಗಿಯಾಗಿ ಸುತ್ತಿ ಹೋಗುತ್ತಿದ್ದರು. ನಿಯಮ ಎರಡೇ: ಕಾಲು ಸ್ಟೂಲಿನ ಮೇಲೆ, ಕೈ ಬ್ಯಾಂಡೇಜಿನಿಂದ ದೂರ.

ಹೀಗಾಗಿ ಹೊಲಿಗೆ ಮಿಷನ್ನಿನ ಪೆಡಲ್ ತುಳಿಯುವಂತಿರಲಿಲ್ಲ. ಲಾಯರಾದ ಮೊಮ್ಮಗಳು ಸೋಮವಾರ ಮೊದಲ ಸಲ ಕೋರ್ಟಿಗೆ ಹೋಗುವವಳಿದ್ದಳು. ಅವಳ ಕರಿ ಕೋಟು ಇನ್ನೂ ಕತ್ತರಿಸಿದ ತುಂಡುಗಳಾಗಿಯೇ ಮೇಜಿನ ಮೇಲಿತ್ತು. ಇವತ್ತು ಗಾಯ ಮುಚ್ಚಿದ್ದರೆ ಪೆಡಲ್ ತುಳಿಯಬಹುದೆಂದು ಸಿಸ್ಟರ್ ಮಾತು ಕೊಟ್ಟಿದ್ದರು.

ಹೆಂಡತಿ ಮೊಟ್ಟೆ ತರಲು ಅಂಗಡಿಗೆ ಹೋದದ್ದೇ ತಡ, ಪಕ್ಕದ ಅಂಗಡಿಯ ಕ್ಷೌರಿಕ ಒಳಗೆ ಬಂದ. ಬೆಳಗಿನಿಂದ ಒಂದೇ ತುರಿಕೆ ಎಂದು ಮಾಸ್ಟರು ಅವನ ಹತ್ತಿರ ಗೋಳು ತೋಡಿಕೊಂಡರು.

"ತುರಿಕೆ ಅಂದ್ರೆ ವಾಸಿ ಆಗ್ತಿದೆ ಅಂತ ಅರ್ಥ. ಒಂಚೂರು ಬಿಚ್ಚಿ ನೋಡೋಣ್ವಾ?"

"ಲಕೋಟೆ ಹಾಗೆ ಅಂಟಿಸಿಟ್ರೆ ಒಳಗೇನಿದೆ ಅಂತ ಯಾರಿಗೆ ಗೊತ್ತು?" ಎಂದರು ಅವನ ಹಿಂದೆಯೇ ಬಂದ ನಿವೃತ್ತ ಪೋಸ್ಟ್‌ಮ್ಯಾನ್.

ಬಿಚ್ಚಿದರು. ಮೂರು ತಲೆ ಒಟ್ಟಿಗೆ ಬಾಗಿದವು. ಗಾಯವಿದ್ದಲ್ಲಿ ಎಳೆ ಮಗುವಿನ ಅಂಗೈಯಂಥ ಹೊಸ ಚರ್ಮ! ಮಾಸ್ಟರ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. ಪೋಸ್ಟ್‌ಮ್ಯಾನ್ ಕಾಲಿಗೇ ಸೆಲ್ಯೂಟ್ ಹೊಡೆದರು.

ಆಮೇಲೆ ಗಡಿಯಾರ ಕಂಡಿತು. ಸಿಸ್ಟರ್ ಬರಲು ಇನ್ನು ಅರ್ಧ ಗಂಟೆ!

ಕ್ಷೌರಿಕ ಗಿರಾಕಿಯ ಕುತ್ತಿಗೆಗೆ ಬಟ್ಟೆ ಸುತ್ತುವ ಹಾಗೆ ಸುತ್ತಿದ, ಜಾರಿತು. ಪೋಸ್ಟ್‌ಮ್ಯಾನ್ ಪಾರ್ಸೆಲ್ ಕಟ್ಟುವ ಹಾಗೆ ಸುತ್ತಿದರು. ಹಳೇ ಕಾಲುಚೀಲದ ಹಾಗೆ ಮಡಚಿ ಬಿತ್ತು. ಅಂಟುಪಟ್ಟಿಯ ಅಂಟೂ ಹೋಗಿತ್ತು.

"ಸರೀರಿ ಆ ಕಡೆ," ಎಂದರು ಮಾಸ್ಟರು. "ಅರವತ್ತು ವರ್ಷದಲ್ಲಿ ಒಬ್ಬ ಗಿರಾಕಿಗೂ ಸೂಜಿ ತಾಗಿಸಿದವನಲ್ಲ ನಾನು." ತಾವೇ ಸುತ್ತಿ, ಬಿಳಿ ದಾರ ಪೋಣಿಸಿ, ಬ್ಯಾಂಡೇಜಿನ ತುದಿಯನ್ನು ಗಟ್ಟಿಯಾಗಲೆಂದು ಒಳಪದರಕ್ಕೂ ಸೇರಿಸಿ ಹೊಲಿದೇಬಿಟ್ಟರು. ಇರುವೆಯ ಹೆಜ್ಜೆಯಷ್ಟು ಸಣ್ಣ ಹೊಲಿಗೆ. ಆಪರೇಷನ್ ಆದಾಗಿನಿಂದ ಗಾಯದ ಕೆಳಗಿನ ಆ ಜಾಗಕ್ಕೆ ಸ್ಪರ್ಶವೇ ತಿಳಿಯುತ್ತಿರಲಿಲ್ಲವಾದ್ದರಿಂದ ಕೆಲಸ ಸಲೀಸಾಯಿತು.

ಸಿಸ್ಟರ್ ಬಂದರು, ಮೊಟ್ಟೆ ಹಿಡಿದ ಹೆಂಡತಿಯೂ ಬಂದಳು. ಸಿಸ್ಟರ್ ಕಾಲನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. "ತುದಿ ಎಲ್ಲಿ?"

ಕ್ಷೌರಿಕ ಸೂರು ನೋಡಿದ. ಪೋಸ್ಟ್‌ಮ್ಯಾನ್ ಕೆಮ್ಮಿದರು. ಮಾಸ್ಟರು ಸುಮ್ಮನಿದ್ದರಾಗಿತ್ತು; ಬಾಯಿ ತಡೆಯಲಿಲ್ಲ.

"ಹೊಲಿಗೆ ಹೇಗಿದೆ ಸಿಸ್ಟರ್?"

ಸಿಸ್ಟರ್ ಕತ್ತರಿ ಹಾಕಿದರು. ಮರುಗಳಿಗೆ ಅವರ ಮುಖ ಅರಳಿತು. "ಮುಚ್ಚಿದೆ! ಅಮ್ಮಾ, ಬನ್ನಿ ನೋಡಿ, ನಾಲ್ಕು ತಿಂಗಳ ನಮ್ಮ ಕೆಲಸ!" ಎಂದು ಕಣ್ಣೊರೆಸಿಕೊಂಡರು. ಹಾಗೇ ತಡೆದು ಬಗ್ಗಿದರು. "ಇದೇನಿದು?"

ಹೊಸ ಚರ್ಮದಿಂದ ಒಂದಿಷ್ಟು ಕೆಳಗೆ ಎರಡು ಇಂಚು ಉದ್ದಕ್ಕೆ ಕೆಂಪು ಚುಕ್ಕೆಗಳ ಸಾಲು. ಬ್ಯಾಂಡೇಜಿನ ಜೊತೆ ಹೊಲಿದುಹೋಗಿದ್ದ ಈರುಳ್ಳಿ ಸಿಪ್ಪೆಯಂಥ ಚರ್ಮ ಅದರುದ್ದಕ್ಕೂ ಹರಿದಿತ್ತು.

"ಹಳೇದು ಮುಚ್ಚಿತು ಮಾಸ್ಟ್ರೇ. ಇದು ಹೊಸದು. ಮತ್ತೆ ಬ್ಯಾಂಡೇಜು, ಮತ್ತೆ ಸ್ಟೂಲು. ಮೂರು ವಾರವಾದ್ರೂ ಬೇಕು."

"ಕೋಟು?" ಎಂದರು ಮಾಸ್ಟರು, ಸಣ್ಣ ದನಿಯಲ್ಲಿ.

ಹೆಂಡತಿ ಮೊಟ್ಟೆ ಕೆಳಗಿಟ್ಟು, ಸ್ಟೂಲು ಎಳೆದು, ಗಂಡನ ಕಾಲನ್ನು ಮೆಲ್ಲಗೆ ಅದರ ಮೇಲಿಟ್ಟಳು. "ಪೆಡಲ್ ನಾನು ತುಳೀತೀನಿ. ನೀವು ಪಕ್ಕದಲ್ಲಿ ಕೂತು ಬೈತಾ ಇರಿ, ಸಾಕು."

"ಅರವತ್ತು ವರ್ಷದಲ್ಲಿ ಒಬ್ಬರಿಗೂ ತಾಗಿಸಿಲ್ಲ ಅಂದ್ರಲ್ಲ?" ಎಂದು ಕ್ಷೌರಿಕ ಕೆಣಕಿದ.

ಮಾಸ್ಟರು ಕನ್ನಡಕ ಸರಿಮಾಡಿಕೊಂಡು ಆ ಕೆಂಪು ಚುಕ್ಕೆಗಳನ್ನು ಬಹಳ ಹೊತ್ತು ನೋಡಿದರು.

"ತಾಗಿದ್ದು ನಿಜ ಕಣಯ್ಯ. ಆದ್ರೆ ಸಾಲು ನೋಡು, ಎಲ್ಲಾದ್ರೂ ಸೊಟ್ಟಗಿದ್ಯಾ?"